ಪಾನಿಂಗ್ ಒರೆಸಿದ ರಕ್ತ

ಬಲಾಂಬನ್ ಎಂಬ ಊರಿನ ಮೇಲಿನ ಬೆಟ್ಟದಲ್ಲಿ ಹೂ ಬೆಳೆಯುವ ಹೆಂಗಸರನ್ನು ಪೇಟೆಗೆ ಇಳಿಸುತ್ತಿದ್ದವಳು ಎಪಿಫಾನಿಯಾ. ಆ ಹೆಸರು ಚರ್ಚಿನಲ್ಲಿ ಮಾತ್ರ. ಉಳಿದ ಕಡೆಯೆಲ್ಲ ಅವಳು ಪಾನಿಂಗ್. ಕಾಲು ಕ್ಲಚ್ಚಿಗೆ ಸರಿಯಾಗಿ ಎಟಕುವ ಮೊದಲೇ ಅಪ್ಪನ ಕಟ್ಟಿಗೆ ಲಾರಿಯಲ್ಲಿ ಕೂತು ಓಡಿಸಲು ಕಲಿತವಳು. ಯಾವ ತಿರುವಿನಲ್ಲಿ ಮಂಜು ನಿಲ್ಲುತ್ತದೆ, ಯಾವ ತಿರುವಿನಲ್ಲಿ ಮಣ್ಣು ಕುಸಿಯುತ್ತದೆ ಎಂಬುದು ಅವಳ ಕೈಗಳಿಗೇ ಗೊತ್ತಿತ್ತು.

ಅವಳ ಗಂಡ ಇಸ್ಕೋ ಗಾಡಿ ಓಡಿಸುತ್ತಿರಲಿಲ್ಲ. ಅವನು ಕಾಳಗದ ಹುಂಜ ಸಾಕುತ್ತಿದ್ದ. ಒಮ್ಮೆ ಹುಂಜದ ಕಾಲಿಗೆ ಕಟ್ಟಿದ್ದ ಕತ್ತಿ ಹಾರಿ ಬಂದು ಅವನ ಎಡಗಣ್ಣನ್ನು ಸೀಳಿತ್ತು. ಮನೆಯಲ್ಲಿ ಮೆತ್ತಗಿನ ಮನುಷ್ಯ. ಅನ್ನ ಬೇಯಿಸುತ್ತಿದ್ದ, ಹೆಂಡತಿಯ ಬೆನ್ನು ತಿಕ್ಕುತ್ತಿದ್ದ. ನಾಲ್ಕು ಗಂಡಸರ ನಡುವೆ ನಿಂತಾಗ ಮಾತ್ರ ಅವನು ಬೇರೆಯವನಾಗುತ್ತಿದ್ದ.

ಅವರು ಗಾಡಿ ಕೊಂಡದ್ದು ಬೆಟ್ಟದ ಮೇಲಿನ ಗೋರ್ಯೊನ ಶೆಡ್ಡಿನಲ್ಲಿ. ಎಲ್ಲರೂ ಅವನನ್ನು ಅಣ್ಣನೆಂಬ ಗೌರವದಿಂದ ನೋಂಗ್ ಗೋರ್ಯೊ ಎನ್ನುತ್ತಿದ್ದರು. ಜಪಾನಿನವರು ಓಡಿಸಿ ಬಿಟ್ಟ ಪುಟ್ಟ ಲಾರಿಗಳನ್ನು ತಂದು, ಹಿಂದೆ ಬೆಂಚು ಹಾಕಿ, ಮಲ್ಟಿಕ್ಯಾಬ್ ಎಂದು ಮಾರುವುದು ಅವನ ಕಸುಬು. ಜಪಾನಿನ ಗಾಡಿಗೆ ಸ್ಟೀರಿಂಗ್ ಬಲಕ್ಕಿರುತ್ತದೆ, ಇಲ್ಲಿ ಎಡಕ್ಕೆ ಬೇಕು. ಅದಕ್ಕೆ ಗೋರ್ಯೊ ಸ್ಟೀರಿಂಗಿನ ಸರಳಿಗೆ ಇನ್ನೊಂದು ತುಂಡು ಸೇರಿಸಿ, ಸೇರಿಸಿದ ಕಡೆ ಕೊಳವೆ ತೊಡಿಸಿ, ಬೆಸುಗೆ ಹಾಕುತ್ತಿದ್ದ.

"ಬನ್ನಿ ಬಾಸ್, ಎಂಜಿನ್ ಸದ್ದು ಕೇಳಿ," ಎಂದು ಅವನು ಇಸ್ಕೋನ ಹೆಗಲ ಮೇಲೆ ಕೈ ಹಾಕಿದ. "ಬೆಕ್ಕು ಗುರುಗುಟ್ಟಿದ ಹಾಗಿಲ್ವಾ?"

"ಹೌದೌದು, ಗುರುಗುಟ್ತಿದೆ," ಎಂದ ಇಸ್ಕೋ. ಬಾಸ್ ಎಂದು ಅವನನ್ನು ಯಾರೂ ಅದುವರೆಗೆ ಕರೆದಿರಲಿಲ್ಲ.

"ಓಡಿಸೋಳು ನಾನು, ನೋಂಗ್," ಎಂದಳು ಪಾನಿಂಗ್. "ಸ್ಟೀರಿಂಗ್ ಬೆಸುಗೆ ನೋಡ್ಬೇಕು."

"ಗೊತ್ತು ದಾಯ್. ಸೀಟಿಗೆ ಯಾವ ಬಣ್ಣದ ಬಟ್ಟೆ ಬೇಕು ಹೇಳು. ಗುಲಾಬಿ ಇದೆ." ನಲವತ್ತು ದಾಟಿದವಳನ್ನು ಅವನು ಚಿಕ್ಕ ಹುಡುಗಿಯನ್ನು ಕರೆಯುವಂತೆ ದಾಯ್ ಎಂದ.

ಪಾನಿಂಗ್ ಗಾಡಿಯ ಕೆಳಗೆ ತೂರಿದಳು. ಶೆಡ್ಡಿನ ಗಂಡಸರೆಲ್ಲ ನಕ್ಕರು. "ಬಾಸ್, ನಿಮ್ಮನೇಲಿ ಮಂಚದ ಕೆಳಗೆ ಮಲಗೋರು ಯಾರು?" ಎಂದು ಒಬ್ಬ ಕೂಗಿದ. ಇಸ್ಕೋ ಕೂಡ ನಕ್ಕುಬಿಟ್ಟ. ಆ ನಗುವನ್ನು ಪಾನಿಂಗ್ ಕೆಳಗೆ ಮಲಗಿಯೇ ಕೇಳಿಸಿಕೊಂಡಳು.

ಬೆಸುಗೆ ಅವಳಿಗೆ ಕಾಣಲಿಲ್ಲ. ಅದರ ಮೇಲೆ ರಕ್ತ ಹೆಪ್ಪುಗಟ್ಟಿತ್ತು.

ಬೆಟ್ಟದಲ್ಲಿ ಹೊಸ ಗಾಡಿಗೆ ಕೋಳಿ ಕುಯ್ದು ರಕ್ತ ಹಚ್ಚದೆ ಯಾರೂ ರಸ್ತೆಗೆ ಇಳಿಸುವುದಿಲ್ಲ. ರಸ್ತೆಗೆ ಬೇಕಾದ ರಕ್ತ ಮೊದಲೇ ಸಿಕ್ಕಿದರೆ ಅದು ಮನುಷ್ಯರದ್ದನ್ನು ಕೇಳುವುದಿಲ್ಲ. ಬೇರೆಯವರು ಚಕ್ರಕ್ಕೆ ಹಚ್ಚಿದರೆ ಗೋರ್ಯೊ ತನ್ನ ಬೆಸುಗೆಗೂ ಹಚ್ಚುತ್ತಿದ್ದ. ಹಚ್ಚಿದ ರಕ್ತವನ್ನು ಮಳೆಯೇ ತೊಳೆಯಬೇಕು. ಮನುಷ್ಯರ ಕೈ ಒರೆಸಿದರೆ ರಸ್ತೆ ಮತ್ತೆ ಬಾಯಿ ತೆರೆಯುತ್ತದೆ. ಪಾನಿಂಗ್ ಕೂಡ ಅದನ್ನು ನಂಬಿದವಳೇ. ಅಂಗಿಯ ತುದಿಯನ್ನು ಎಳೆದು ಒರೆಸಲು ಹೋದ ಕೈ ಹಾಗೆಯೇ ಹಿಂದೆ ಬಂತು. ಆ ಜಾಗಕ್ಕೆ ಮಳೆ ತಾಗುವುದೇ ಇಲ್ಲವೆಂಬುದು ಆಗ ಅವಳಿಗೆ ಹೊಳೆಯಲಿಲ್ಲ.

ಕೆಲವು ತಿಂಗಳಿಗೇ ಎಡ ತಿರುವುಗಳಲ್ಲಿ ಸ್ಟೀರಿಂಗ್ ಒಂದು ಕ್ಷಣ ಸಡಿಲವಾಗತೊಡಗಿತು. ಮಾತಾಡುತ್ತ ಕೈ ಹಿಡಿದವರು ಮರೆತು ಬಿಟ್ಟುಬಿಡುತ್ತಾರಲ್ಲ, ಹಾಗೆ. ಪಾನಿಂಗ್ ಗಾಡಿಯನ್ನು ಶೆಡ್ಡಿಗೆ ತಂದಳು.

"ಹೆಂಗಸರು ಸ್ಟೀರಿಂಗನ್ನ ರೊಟ್ಟಿ ಹಿಟ್ಟಿನ ಹಾಗೆ ನಾದ್ತಾರೆ," ಎಂದ ಗೋರ್ಯೊ. "ಬಾಸ್‌ನ ಕಳಿಸು. ಅವರ ಹತ್ರ ಮಾತಾಡ್ತೀನಿ."

"ಅವರಿಗೆ ಒಂದು ಕಣ್ಣಿಲ್ಲ. ಓಡಿಸೋಕೆ ಬರಲ್ಲ."

"ಗಂಡಸರಿಗೆ ಅರ್ಧ ಕಣ್ಣು ಸಾಕಮ್ಮಾ."

ಇಸ್ಕೋ ಹೋದ. ಅವನಿಗೆ ಸ್ಟೂಲು ಹಾಕಿ, ತೆಂಗಿನ ಹೆಂಡ ಕೊಟ್ಟರು. ಗೋರ್ಯೊ ಕಬ್ಬಿಣದ ಬಗ್ಗೆ ಏನೇನೋ ಹೇಳಿದ, ಇಸ್ಕೋ ತಲೆಯಾಡಿಸಿದ. ಕಾಳಗದಲ್ಲಿ ಸೋತ ಹುಂಜವೊಂದನ್ನು ಅವನೇ ತಂದುಕೊಟ್ಟ. ಹಳೆಯ ರಕ್ತದ ಮೇಲೆ ಹೊಸ ರಕ್ತ ಬಿತ್ತು. ಸಂಜೆ ಮನೆಗೆ ಬಂದವನು, "ಎಲ್ಲಾ ಸರಿಹೋಯ್ತು. ನೀನು ಸ್ವಲ್ಪ ಮೆಲ್ಲಗೆ ತಿರುಗಿಸ್ಬೇಕಂತೆ," ಎಂದ.

ಸತ್ತವರ ಹಬ್ಬ ಹತ್ತಿರವಾಗಿತ್ತು. ಇಡೀ ದ್ವೀಪದ ಗೋರಿಗಳಿಗೆ ಹೂ ಬೇಕು. ಬೆಟ್ಟದ ಹೆಂಗಸರಿಗೆ ವರ್ಷದ ಸುಗ್ಗಿ ಅದೇ. ಗಾಡಿಯ ಹಿಂದೆ ಸೇವಂತಿಗೆಯ ಬುಟ್ಟಿಗಳು, ಬುಟ್ಟಿಗಳ ನಡುವೆ ಹೆಂಗಸರು. ಪಾನಿಂಗಳ ತಂಗಿ ಸೇಲಾ ಹಿಂಬದಿಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಪ್ರಪಾತದ ಪಕ್ಕದ ಇಳಿಜಾರಿನಲ್ಲಿ ಪಾನಿಂಗ್ ಸ್ಟೀರಿಂಗ್ ಎಡಕ್ಕೆ ಎಳೆದಳು. ಅದು ತಿರುಗಿತು. ಚಕ್ರಗಳು ತಿರುಗಲಿಲ್ಲ.

ಅವಳು ಮತ್ತೆ ಎಳೆದಳು. ಸ್ಟೀರಿಂಗ್ ಬುಗುರಿಯಂತೆ ಕೈಯಲ್ಲಿ ಸುತ್ತಿತು. ಮುಂದೆ ಬರೀ ಆಕಾಶ. ಬ್ರೇಕಿನ ಮೇಲೆ ನಿಂತೇಬಿಟ್ಟಾಗ ಕೊಳವೆಯೊಳಗೆ ಏನೋ ಕಚ್ಚಿಕೊಂಡಿತು. ಗಾಡಿ ಒಮ್ಮೆಲೇ ಹೊರಳಿ, ಹಿಂಬದಿ ಬೀಸಿ, ಗುಡ್ಡದ ಬಂಡೆಗೆ ಅಪ್ಪಳಿಸಿತು. ಪಾನಿಂಗಳ ಪಕ್ಕೆಲುಬು ಒಳಗೇ ಮುರಿದ ಸದ್ದು ಅವಳಿಗೆ ಕೇಳಿಸಿತು. ಹಿಂದೆ ಕಿರುಚಾಟ. ಸೇಲಾಳ ಕಾಲು ಹಲಗೆಗೂ ಬಂಡೆಗೂ ನಡುವೆ ಸಿಕ್ಕಿತ್ತು. ಮೊಣಕಾಲಿನ ಕೆಳಗೆ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಬಿಳಿ ಸೇವಂತಿಗೆಗಳು ಕೆಂಪಾಗಿದ್ದವು.

ಗಾಡಿಯನ್ನು ಎಳೆದು ಗೋರ್ಯೊನ ಶೆಡ್ಡಿಗೆ ತಂದರು. ಅವನು ಕೆಳಗೆ ಬಗ್ಗಿ, ಸ್ಟೀರಿಂಗ್ ಅಲ್ಲಾಡಿಸಿ ನೋಡಿದ. ಕಚ್ಚಿಕೊಂಡಿದ್ದ ಸರಳು ಚಕ್ರಗಳನ್ನು ತಿರುಗಿಸಿತು. "ನೋಡಿ ಬಾಸ್, ನನ್ನ ಬೆಸುಗೆ ಬಿಟ್ಟಿಲ್ಲ. ರಕ್ತ ಕೂಡ ಹಾಗೇ ಇದೆ. ಓಡಿಸಿದ್ದು ಯಾರು? ಹೆಂಗಸು. ಅಷ್ಟೇ ಕಥೆ."

ಆ ಮಾತು ಗಾಡಿಗಿಂತ ಬೇಗ ಬೆಟ್ಟವನ್ನು ಸುತ್ತಿತು. ಹಾಸಿಗೆಯಲ್ಲಿದ್ದ ಪಾನಿಂಗಳಿಗೆ ಅದನ್ನು ಹೇಳಿದವನು ಇಸ್ಕೋ. "ಹಬ್ಬದ ಹಿಂದಿನ ದಿನ ನೋಂಗ್ ಗೋರ್ಯೊನೇ ನಮ್ಮ ಗಾಡಿ ಓಡಿಸ್ತಾನಂತೆ. ಈ ಸಲ ಹಂದಿ ಕುಯ್ತಾರೆ. ದೊಡ್ಡ ರಕ್ತ. ಹೆಂಗಸರೂ ಒಪ್ಪಿದ್ದಾರೆ."

"ಸ್ಟೀರಿಂಗ್ ಕೈಯಲ್ಲಿ ಸುತ್ತಿತು, ಇಸ್ಕೋ. ನಾನು ಸುಳ್ಳು ಹೇಳ್ತಿದೀನಾ?"

"ಸುಳ್ಳು ಅಂತಲ್ಲ. ಹೆದರಿಕೇಲಿ ಹಾಗನ್ಸಿರ್ಬಹುದು."

"ಬೆಸುಗೆ ಮೇಲಿನ ರಕ್ತ ಒರೆಸಿ ನೋಡಿದ್ರಾ?"

ಅವನು ಎದೆಯ ಮೇಲೆ ಶಿಲುಬೆ ಎಳೆದುಕೊಂಡ. "ಅದನ್ನ ಯಾರಾದ್ರೂ ಒರೆಸ್ತಾರೇನೇ?"

ಪಕ್ಕದ ಮನೆಯಲ್ಲಿ ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ಸೇಲಾ ಕೂಡ, "ನನ್ನ ಕಾಲು ನೆಟ್ಟಗಿದ್ರೆ ನಾನೂ ಹತ್ತುತ್ತಿದ್ದೆ, ಅಕ್ಕ. ಹೂ ಬಾಡಿಹೋಗುತ್ತೆ," ಎಂದಳು. ಅದನ್ನು ಕೇಳಿದ ಮೇಲೆ ಪಾನಿಂಗ್ ಯಾರೊಂದಿಗೂ ವಾದಿಸಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಎದೆಗೆ ಬಟ್ಟೆ ಬಿಗಿದುಕೊಂಡು ಅವಳು ಶೆಡ್ಡಿಗೆ ನಡೆದಳು. ಬುಟ್ಟಿಗಳು ಆಗಲೇ ಗಾಡಿ ಏರಿದ್ದವು. ಹಂದಿ ಚೀರುತ್ತಿತ್ತು. ಕುತ್ತಿಗೆಗೆ ಕತ್ತಿ ಇಳಿದಾಗ ಆ ಚೀರಾಟ ನೀರಿನಲ್ಲಿ ಮುಳುಗಿದಂತೆ ನಿಂತಿತು. ರಕ್ತ ಬೋಗುಣಿಗೆ ಸುರಿಯುತ್ತಿದ್ದಾಗ ಎಲ್ಲರ ಕಣ್ಣೂ ಅಲ್ಲಿತ್ತು. ಪಾನಿಂಗ್ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಗಾಡಿಯ ಕೆಳಗೆ ತೂರಿದಳು.

"ದೇವರೇ, ಕೇಳೋದಿದ್ರೆ ನನ್ನ ರಕ್ತ ಕೇಳು," ಎಂದು ಹೇಳಿಕೊಂಡು ಅವಳು ಒರೆಸಿದಳು.

ಕಪ್ಪು ಹೆಪ್ಪು ಚಕ್ಕೆ ಚಕ್ಕೆಯಾಗಿ ಮುಖದ ಮೇಲೆ ಉದುರಿತು. ಕೆಳಗಿನ ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕು. ಉಗುರು ಇಟ್ಟರೆ ಉಗುರು ಒಳಗೆ ಹೋಯಿತು.

"ಒರೆಸ್ತಿದಾಳೆ! ರಕ್ತ ಒರೆಸ್ತಿದಾಳೆ!" ಎಂದು ಯಾರೋ ಕಿರುಚಿದರು.

ಗೋರ್ಯೊ ಅವಳ ಕಾಲು ಹಿಡಿದು ಎಳೆದ. ಅವಳು ಸರಳನ್ನು ಅಪ್ಪಿಕೊಂಡಳು. ಅವನು ಪಕ್ಕೆಗೆ ಒದ್ದ. ಮುರಿದ ಮೂಳೆ ಇದ್ದ ಪಕ್ಕೆಗೇ. ಕಣ್ಣು ಕತ್ತಲೆ ಬಂದರೂ ಅವಳು ಕಾಲು ಝಾಡಿಸಿದಳು. ಅವಳ ಹಿಮ್ಮಡಿ ಅವನ ಗದ್ದಕ್ಕೆ ಬಡಿಯಿತು. "ಮುಂಡೆ! ಎಲ್ಲರನ್ನೂ ಕೊಲ್ತೀಯಾ?" ಎಂದು ಅವನು ಅಬ್ಬರಿಸಿದ.

"ಇಸ್ಕೋ, ಬಾ ಇಲ್ಲಿ!" ಎಂದು ಪಾನಿಂಗ್ ಕೂಗಿದಳು. "ಕಣ್ಣಿಗೆ ಕಾಣದಿದ್ರೆ ಬೆರಳಿಟ್ಟು ನೋಡು!"

ಇಸ್ಕೋ ಬಂದ. ಮಂಡಿಯೂರಿ, ಕೈ ಚಾಚಿ, ಅವಳು ತೋರಿಸಿದ ಕಡೆ ಬೆರಳು ಆಡಿಸಿದ. ಬಿರುಕು ಸಿಕ್ಕಿದ್ದು ಅವನ ಮುಖದಲ್ಲೇ ಗೊತ್ತಾಯಿತು. ಅವನ ಒಂಟಿ ಕಣ್ಣು ಅವಳ ಕಣ್ಣನ್ನು ನೋಡಿತು. ಆಮೇಲೆ ಅವನು ಎದ್ದು ನಿಂತ.

"ಏನು ಬಾಸ್?" ಎಂದ ಗೋರ್ಯೊ.

"ಏನಿಲ್ಲ," ಎಂದ ಇಸ್ಕೋ. "ಗೀರು ಅಷ್ಟೇ."

ಪಾನಿಂಗ್ ಸೋತವಳಂತೆ ತೆವಳಿ ಹೊರಗೆ ಬಂದಳು. ಗಂಡಸರು ದಾರಿ ಬಿಟ್ಟರು. ಗೋಡೆಗೆ ಒರಗಿಸಿದ್ದ ದೊಡ್ಡ ಸುತ್ತಿಗೆಯನ್ನು ಅವಳು ಎತ್ತಿಕೊಂಡದ್ದು ಅವರಿಗೆ ಅರ್ಥವಾಗುವ ಹೊತ್ತಿಗೆ ಅವಳು ಮುಂದಿನ ಬಾಗಿಲು ತೆಗೆದಾಗಿತ್ತು. ಪೆಡಲ್ಲುಗಳ ಮೇಲಿನ ಸರಳಿಗೆ ಅವಳು ಬೀಸಿ ಹೊಡೆದಳು. ಹೊಡೆದಾಗ ಅವಳ ಬಾಯಿಂದ ಹಂದಿಯ ಚೀರಾಟದಂಥ ಸದ್ದು ಬಂತು. ಮತ್ತೆ ಹೊಡೆದಳು. ಒಳ್ಳೆಯ ಬೆಸುಗೆಯಾದರೆ ಸರಳು ಬಗ್ಗಬೇಕು. ಇದು ಬಗ್ಗಲಿಲ್ಲ. ಒಣಗಿದ ಕಬ್ಬಿನಂತೆ ಕೊಳವೆಯಲ್ಲೇ ಕಳಚಿ, ಕೆಳಗಿನ ತುಂಡು ನೆಲಕ್ಕೆ ಬಿದ್ದು, ಹಂದಿಯ ರಕ್ತದವರೆಗೆ ಉರುಳಿತು. ಕೊಳವೆಯ ಒಳಗೆಲ್ಲ ತುಕ್ಕು. ಒಂದು ಅಂಚಿನಲ್ಲಿ ಮಾತ್ರ ಹೊಸ ಲೋಹದ ಮಿಂಚು.

ಹೆಂಗಸರು ಅದನ್ನು ನೋಡಿದರು. ಗೋರ್ಯೊ ಕೂಡ ನೋಡಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನ ಮುಖದಲ್ಲಿ ಮೊದಲು ಬಂದದ್ದು ಭಯ. ಅದರ ಬೆನ್ನಿಗೇ ಬಂದದ್ದು ಕೋಪ. ಕೈಗೆ ಸಿಕ್ಕ ಕಬ್ಬಿಣದ ರಾಡನ್ನು ಬೀಸಿದ. ಪಾನಿಂಗ್ ಅಡ್ಡ ಹಿಡಿದ ಎಡಗೈ ಮೊಣಕೈಯ ಕೆಳಗೆ ಬಾಗಬಾರದ ಕಡೆ ಬಾಗಿತು. ಅವಳು ರಕ್ತದಲ್ಲಿ ಜಾರಿ ಬಿದ್ದಳು. ಬಿದ್ದಲ್ಲೇ ಮುರಿದ ಸರಳಿನ ತುಂಡು ಬಲಗೈಗೆ ಸಿಕ್ಕಿತು. ಅವನು ಮತ್ತೊಮ್ಮೆ ರಾಡ್ ಎತ್ತುವಷ್ಟರಲ್ಲಿ ಅವಳು ಅದನ್ನು ಅವನ ಮಂಡಿಗೆ ಬಡಿದಳು. ಅವನು ಬಗ್ಗಿದಾಗ ಬಾಯಿಗೆ ಬಡಿದಳು. ಹಲ್ಲುಗಳು ಬೋಗುಣಿಯ ಪಕ್ಕ ಉದುರಿದವು.

"ನಿನ್ನ ಜೀವಾನೂ ಉಳೀತು ಕಣೋ," ಎಂದಳು ಅವಳು ಏದುಸಿರಿನಲ್ಲಿ. "ಓಡಿಸೋಕೆ ಹೊರಟಿದ್ದು ನೀನೇ ಅಲ್ವಾ?"

ಗಂಡಸರು ಮುಂದೆ ಬಂದರು. ಅಷ್ಟರಲ್ಲಿ ಮುದುಕಿ ಓಂಡಾಯ್ ಹೂ ಕೊಯ್ಯುವ ಬಾಗಿದ ಕತ್ತಿ ಹಿಡಿದು ನಡುವೆ ಬಂದು ನಿಂತಳು. ಅವಳ ಹಿಂದೆ ಉಳಿದ ಹೆಂಗಸರು. ಒಬ್ಬೊಬ್ಬರಾಗಿ ಗಾಡಿಯಿಂದ ತಮ್ಮ ಬುಟ್ಟಿ ಇಳಿಸಿಕೊಂಡರು. ಗಾಡಿಯ ಬೀಗದ ಕೈ ಹಿಡಿದು ನಿಂತಿದ್ದ ಇಸ್ಕೋನ ಮುಂದೆ ಓಂಡಾಯ್ ಬಂದು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬೀಗದ ಕೈ ಗಟ್ಟಿಯಾಗಿ ಹಿಡ್ಕೋ ಬಾಸ್. ಕಳೆದುಹೋದೀತು," ಎಂದಳು. ಅವನು ಹೆಂಡತಿಯ ಕಡೆಗೆ ಒಂದು ಹೆಜ್ಜೆ ಇಟ್ಟ. ಪಾನಿಂಗ್ ಮುಖ ತಿರುಗಿಸಿದಳು. ಆ ಹೆಜ್ಜೆ ಅಲ್ಲೇ ನಿಂತಿತು.

ಹೂಕಟ್ಟು ಬಿಗಿಯುವ ನಾರಿನಿಂದ ಅವಳ ಕೈಯನ್ನು ಬಿದಿರಿನ ದಬ್ಬೆಗೆ ಕಟ್ಟಿ, ಹೆಂಗಸರು ರಸ್ತೆಗೆ ಇಳಿದರು. ಬುಟ್ಟಿಗಳನ್ನು ಅಂಚಿನಲ್ಲಿಟ್ಟು ಕಾಯುತ್ತ ಕೂತರು. ಪಾನಿಂಗ್ ಎರಡು ಸಲ ವಾಂತಿ ಮಾಡಿಕೊಂಡಳು. ಸೂರ್ಯ ಗುಡ್ಡದ ಮೇಲೆ ಬಂದ ಮೇಲೆ ಕೋಸಿನ ಲಾರಿಯೊಂದು ಬಂದು ನಿಂತಿತು.

"ಪೇಟೆಗಾ? ಹಿಂದೆ ಜಾಗ ಇದೆ," ಎಂದ ಚಾಲಕ. "ನಿಮ್ಮ ಗಂಡಸರೆಲ್ಲಿ? ಬಾಡಿಗೆ ಯಾರ ಹತ್ರ ಮಾತಾಡ್ಲಿ?"

"ಅವರು ಹಂದಿ ಸುಡ್ತಿದಾರೆ," ಎಂದಳು ಓಂಡಾಯ್.

ಹೆಂಗಸೊಬ್ಬಳು ಬುಟ್ಟಿ ಎತ್ತಿ ಹತ್ತಲು ಹೋದಳು. ಪಾನಿಂಗ್ ಅವಳ ಲಂಗ ಹಿಡಿದು ನಿಲ್ಲಿಸಿ, ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಲಾರಿಯ ಮುಂದೆ ಹೋಗಿ ನಿಂತಳು.

"ಸ್ಟೀರಿಂಗ್ ತಿರುಗಿಸು. ನೋಡ್ಬೇಕು."

ಚಾಲಕ ನಕ್ಕ. "ದಾಯ್, ಹದಿನೈದು ವರ್ಷದಿಂದ ಈ ರಸ್ತೇಲಿ ಓಡಿಸ್ತಿದೀನಿ."

"ತಿರುಗಿಸು."

ಅವನು ಹೆಂಗಸರ ಕಡೆ ನೋಡಿದ. ಬುಟ್ಟಿಗಳೆಲ್ಲ ನೆಲದ ಮೇಲೇ ಇದ್ದವು. ಏನೋ ಗೊಣಗಿಕೊಂಡು ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದ, ಆಮೇಲೆ ಪೂರ್ತಿ ಬಲಕ್ಕೆ. ಚಕ್ರಗಳು ಜಲ್ಲಿಯನ್ನು ಅರೆಯುತ್ತ ಆ ಕಡೆಗೂ ಈ ಕಡೆಗೂ ತಿರುಗಿದವು. ಪಾನಿಂಗ್ ಕೂತು, ತಲೆ ನೆಲಕ್ಕೆ ತಾಗುವಷ್ಟು ಬಗ್ಗಿ, ಕೆಳಗೆಲ್ಲ ನೋಡಿದಳು.

"ಇನ್ನೊಂದ್ಸಲ," ಎಂದಳು.