ಸತ್ತ ಮಂಗನಿಗೆ ಕೈ ಮುಗಿಯದ ಊರಿನಿಂದ

ಇಲ್ಲಿಗೆ ಬಂದ ಮೊದಲ ವರ್ಷ, ಕೋಣಂದೂರು ದಾಟಿದ ಮೇಲೆ ರಸ್ತೆಯ ಬದಿಯಲ್ಲಿ ಒಂದು ಮಂಗ ಸತ್ತು ಬಿದ್ದಿದ್ದು ಕಂಡೆ. ಅಲ್ಲೇ ನಿಂತು, ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವೆಲ್ ತೆಗೆದು ಅದಕ್ಕೆ ಹೊದಿಸಲು ಹೊರಟೆ. ಎದುರು ಮನೆಯಿಂದ ಹೆಂಗಸೊಬ್ಬರು ಓಡಿ ಬಂದರು.

"ಹೋಯ್, ಮುಟ್ಬೇಡಿ ಮಾರಾಯ್ರೆ. ಎಂತ, ಸಾಯ್ಬೇಕು ಅಂತ ಮಾಡಿದೀರಾ?"

ಅವರು ಆಶಾ ಕಾರ್ಯಕರ್ತೆ ಸುಮಿತ್ರಕ್ಕ. ಈ ಊರಿನಲ್ಲಿ ನನ್ನ ಜೊತೆ ಮೊದಲು ಮಾತಾಡಿದವರು ಅವರೇ, ಅದೂ ಬೈಗುಳದಿಂದ.

ನಮ್ಮ ಕುಷ್ಟಗಿ ಸೀಮೆಯಲ್ಲಿ ಮಂಗ ಸತ್ತರೆ ಊರಿಗೆ ಊರೇ ಸೇರುತ್ತದೆಂದು ನಿಮಗೆ ಹೇಳಬೇಕಿಲ್ಲ. ಮೈ ತೊಳೆದು, ಕುಂಕುಮ ಹಚ್ಚಿ, ಕುರ್ಚಿಯಲ್ಲಿ ಕೂರಿಸಿ, ಟ್ರ್ಯಾಕ್ಟರಿನಲ್ಲಿ ಭಜನೆ ಹಾಡುತ್ತಾ ಒಯ್ದು ಮಣ್ಣು ಮಾಡುತ್ತೇವೆ. ಇಲ್ಲಿ ಮೈತುಂಬ ಪ್ಲಾಸ್ಟಿಕ್ ಅಂಗಿ ತೊಟ್ಟವರು ಬಂದು, ಸುತ್ತ ಹುಳ ಸಾಯಿಸುವ ಪುಡಿ ಎರಚಿ, ಅದನ್ನು ಸುಟ್ಟು ಹೋದರು. ಒಬ್ಬರೂ ಕೈ ಮುಗಿಯಲಿಲ್ಲ. ಎಂಥ ಜನ ಇವರು ಎಂದುಕೊಂಡೆ.

ಆಮೇಲೆ ತಿಳಿಯಿತು. ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಕೆಳಗಿಳಿದು ತರಗೆಲೆಯಲ್ಲಿ ಹರಡುತ್ತವೆ. ಉಣುಗು ಎಂದರೆ ನಮ್ಮ ದನಗಳಿಗೆ ಹತ್ತುವ ಉಣ್ಣಿಯ ಜಾತಿಯೇ, ಆದರೆ ಇವು ಕಣ್ಣಿಗೆ ಕಾಣದಷ್ಟು ಸಣ್ಣ. ಕಚ್ಚಿದರೆ ಕೆಲವು ದಿನ ಬಿಟ್ಟು ಜ್ವರ, ತಲೆ ಸಿಡಿಯುವಂಥ ನೋವು, ಕೆಲವರಿಗೆ ಒಸಡಿನಿಂದ ರಕ್ತ. ಮಂಗನ ಕಾಯಿಲೆ ಎನ್ನುತ್ತಾರೆ. ಈ ರೋಗಕ್ಕೆಂದೇ ಇರುವ ಮದ್ದು ಇಲ್ಲ. ಮೊದಲಿದ್ದ ಲಸಿಕೆ ನಿಂತಿದೆ, ಹೊಸದು ಬರುತ್ತದೆ ಎನ್ನುತ್ತಲೇ ಇದ್ದಾರೆ. ಸದ್ಯಕ್ಕೆ ಇರುವುದು ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಇಲಾಖೆ ಕೊಡುವ ಎಣ್ಣೆಯೊಂದೇ.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ಡಾಂಬರು ಹಾಕುವ ಗ್ಯಾಂಗಿನೊಂದಿಗೆ ತೀರ್ಥಹಳ್ಳಿಗೆ ಬಂದೆ, ಗ್ಯಾಂಗು ಹೋಯಿತು, ನಾನು ಉಳಿದೆ. ಟೈರು ಅಂಗಡಿಯ ಹಿಂದೆ ಒಂದು ಕೋಣೆ ಸಿಕ್ಕಿತು. ಗೋಡೆ ವರ್ಷದಲ್ಲಿ ಅರ್ಧ ಕಾಲ ಬೆವರುತ್ತದೆ. ಹೋಟೆಲಿನಲ್ಲಿ ರೊಟ್ಟಿ ಕೇಳಿದರೆ ಅಕ್ಕಿಯದು ಕೊಟ್ಟರು. ಹಲ್ಲಿಗೆ ಕೆಲಸವೇ ಇಲ್ಲದ ರೊಟ್ಟಿ. ಅದನ್ನೇ ತಿಂದು, ಯಾರ ಮುಂದೆಯೂ ಕೈ ಚಾಚದೆ ಆಟೊ ಮಾಡಿಕೊಂಡೆ, ಅದರ ಮೇಲೆ ಮೈಕು ಕಟ್ಟಿದೆ. ಯಕ್ಷಗಾನದ ಪ್ರಚಾರ, ಕರೆಂಟು ಹೋಗುವ ಸುದ್ದಿ, ಯಾವುದಾದರೂ ಸರಿ. ಬೇಸಿಗೆ ಹತ್ತಿರವಾದರೆ ಆರೋಗ್ಯ ಇಲಾಖೆಯದು.

ಮೊದಲ ಸಲ ನಾನೇ ಮೈಕು ಹಿಡಿದು, "ಮಂಗ್ಯಾ ಸತ್ತಿದ್ರ ಮುಟ್ಟಬ್ಯಾಡ್ರಿ, ಅಡವಿಗೆ ಹೋಗೂ ಮುಂದ ಎಣ್ಣಿ ಹಚ್ಚಿಕೊಳ್ರಿ" ಎಂದೆ. ಚಹದ ಅಂಗಡಿಯವರು ಬಿದ್ದು ಬಿದ್ದು ನಕ್ಕರು.

"ಮಂಗ ಸತ್ತಿದ್ದು ಹೇಳೋಕೆ ಹನುಮಂತಪ್ಪನೇ ಬಂದನಲ್ಲ ಮಾರಾಯಾ."

ನನ್ನ ಹೆಸರು ಹನುಮಂತಪ್ಪ. ನಾನೂ ನಕ್ಕೆ. ಮರುವಾರ ಇಲಾಖೆಯವರು ಒಂದು ಪೆನ್‌ಡ್ರೈವ್ ಕೊಟ್ಟರು. ಅದರಲ್ಲಿ ಟೀಚರ್ ಒಬ್ಬರ ನುಣ್ಣನೆಯ ದನಿ: "ಮೃತ ಮಂಗಗಳು ಕಂಡುಬಂದಲ್ಲಿ ಕೂಡಲೇ ಮಾಹಿತಿ ನೀಡಿ." ಅಂದಿನಿಂದ ನಾನು ಗಾಡಿ ಓಡಿಸುತ್ತೇನೆ, ಅವರು ಮಾತಾಡುತ್ತಾರೆ.

ಕಳೆದ ಚಳಿಗಾಲ ಅರಳಸುರಳಿ ಕಡೆಯ ಶುಂಠಿ ಗದ್ದೆಗೆ ನಮ್ಮೂರಿನವರು ಕೂಲಿಗೆ ಬಂದರು. ಅವರೊಳಗೆ ನನ್ನ ಚಿಕ್ಕಪ್ಪನ ಮಗಳು ಶಾಂತವ್ವ. ಕಾಡಿನ ಅಂಚಿಗೆ ತಾಡಪಾಲು ಕಟ್ಟಿಕೊಂಡಿದ್ದರು. ನಾನು ಹೋದಾಗ ಬಿಸಿ ಜೋಳದ ರೊಟ್ಟಿ ಕೈಗಿಟ್ಟಳು. ಸುಮಿತ್ರಕ್ಕ ಕೊಟ್ಟು ಹೋಗಿದ್ದ ಎಣ್ಣೆಯ ಬಾಟಲಿ ತಾಡಪಾಲಿನ ಕಂಬಕ್ಕೆ ತೂಗುತ್ತಿತ್ತು, ಮುಚ್ಚಳ ತೆಗೆದಿರಲಿಲ್ಲ.

"ಕಟ್ಟಿಗಿಗೆ ಹೋಗೂ ಮುಂದ ಹಚ್ಚಿಕೋ ಅಂತ ಹೇಳಿಲ್ಲೇನವ್ವಾ?"

"ಹಚ್ಚಿಕೊಂಡಿದ್ನೆಪಾ ಒಂದಿನ. ರೊಟ್ಟಿ ಬಡದ್ರ ಹಿಟ್ಟೆಲ್ಲ ಅದ ವಾಸನಿ. ಗಂಡಸರು ಗಂಗಾಳ ಸರಿಸಿ ಎದ್ದ್ರು. ನೀ ಬಂದು ರೊಟ್ಟಿ ಬಡೀತಿ ಅಂದ್ರ ಹಚ್ಚಿಕೋತೀನಿ."

ಅವಳ ಮಾತಿಗೆ ಎಲ್ಲರೂ ನಕ್ಕರು. ನಾನೂ ನಕ್ಕು ಇನ್ನೊಂದು ರೊಟ್ಟಿ ತೆಗೆದುಕೊಂಡೆ.

ಒಂದು ಶನಿವಾರ ಅವಳೇ ಫೋನು ಮಾಡಿದಳು. ದನಿಯಲ್ಲಿ ಹಿಗ್ಗು. "ಯಣ್ಣಾ, ಗದ್ದಿ ಬದುವಿಗೆ ಹನಮಪ್ಪ ತೀರಿಕೊಂಡಿದ್ದ. ಚೊಲೋ ಮಣ್ಣ ಮಾಡೀವಿ. ನನ್ನ ತೊಡಿ ಮ್ಯಾಲ ಇಟ್ಕೊಂಡು ಮಾರಿ ತೊಳದೆ."

ಆಟೊ ಹೇಗೆ ಓಡಿಸಿದೆನೋ ಗೊತ್ತಿಲ್ಲ. ಹಲಸಿನ ಮರದ ಕೆಳಗೆ ಹಸಿ ಮಣ್ಣು, ಮೇಲೆ ದಾಸವಾಳ, ಒಡೆದ ಕಾಯಿ. ನೋಡಿದರೆ ನಮ್ಮೂರೇ.

"ಮೈಕಿನ್ಯಾಗ ದಿನಾ ಒದರತೀನಲ್ಲ, ಕೇಳ್ಲಿಲ್ಲೇನು?"

"ಕೇಳೀನಿ. ಮೈಕಿನ್ಯಾಗಿನ ಅಕ್ಕೋರು ಮಂಗ ಅಂದ್ರು. ಇದು ಮಂಗ ಏನಣ್ಣಾ? ಶನಿವಾರ ಬಂದು ನಮ್ಮ ಬದುವಿಗೇ ಪ್ರಾಣ ಬಿಟ್ಟಾನ."

ಸುಮಿತ್ರಕ್ಕನಿಗೆ ತಿಳಿಸಿದೆ. ಇಲಾಖೆಯವರು ಬಂದು ಪುಡಿ ಎರಚಿದರು, ಎಲ್ಲರ ಹೆಸರು ಬರೆದುಕೊಂಡರು. ಮುಂದಿನ ವಾರ ಶಾಂತವ್ವನಿಗೆ ಜ್ವರ ಬಂತು. ತೀರ್ಥಹಳ್ಳಿಗೆ ನಾನೇ ಒಯ್ದೆ, ಅಲ್ಲಿಂದ ದೊಡ್ಡಾಸ್ಪತ್ರೆಗೆ ಕಳಿಸಿದರು. ಡಾಕ್ಟರು ಸುಳ್ಳು ಹೇಳಲಿಲ್ಲ. "ನಾವು ನೋಡಿಕೊಳ್ತೇವೆ ಅಷ್ಟೇ, ಗೆಲ್ಲೋದು ಅವರ ಮೈ" ಎಂದರು. ಅವಳ ಮೈ ಗೆಲ್ಲಲಿಲ್ಲ.

ಮಾರನೆಯ ದಿನ ಇಲ್ಲಿಯ ಪೇಪರಿನಲ್ಲಿ ಸುದ್ದಿ ಬಂತು: ಮಂಗನ ಕಾಯಿಲೆಗೆ ವಲಸೆ ಕಾರ್ಮಿಕ ಮಹಿಳೆ ಬಲಿ. ಹೆಸರಿಲ್ಲ. ಅದೇ ಪೇಪರನ್ನು ನಮ್ಮೂರಿನವರೂ ಓದುತ್ತಾರಲ್ಲ ಎಂದು ಊರಿಗೆ ಫೋನು ಮಾಡಿ ಕೇಳಿದೆ. ಅಲ್ಲಿಯ ಪುಟದಲ್ಲಿ ಆ ಸುದ್ದಿಯೇ ಇಲ್ಲ. ಜಿಲ್ಲೆಗೊಂದು ಪುಟವಂತೆ. ದೂರದ ದೇಶದಲ್ಲಿ ರೋಗ ಎದ್ದರೆ ನಮ್ಮ ಕಟ್ಟೆಯ ಮೇಲೆ ಕೂತವರಿಗೂ ಅದರ ಹೆಸರು ಬಾಯಿಪಾಠ. ಈ ಕಾಡಿನ ರೋಗದ ಸುದ್ದಿ ಮಾತ್ರ ಜಿಲ್ಲೆಯ ಗಡಿ ದಾಟುವುದಿಲ್ಲ. ದಾಟಿ ಬರುವವರು ಕೂಲಿಯವರು, ಅವರಿಗೆ ಯಾರೂ ಹೇಳಿರುವುದಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ. ಅವಳ ಹೆಸರು ಶಾಂತವ್ವ.

ಅವಳ ದಿನದ ಕಾರ್ಯಕ್ಕೆ ಊರಿಗೆ ಹೋದಾಗ, ಕರೆಂಟಿನ ತಂತಿ ತಗುಲಿ ಒಂದು ಮಂಗ ಸತ್ತಿತು. ಕುರ್ಚಿ ಬಂತು, ಹಾರ ಬಂತು. ಶಾಂತವ್ವನ ತಾಯಿ, ನನ್ನ ಚಿಕ್ಕವ್ವ, ತಂಬಿಗೆ ಹಿಡಿದು ಕರೆದಳು: "ಬಾರೋ ಹನಮಂತ, ನೀನೂ ನೀರ ಹಾಕು." ಅಲ್ಲಿ ಆ ರೋಗವಿಲ್ಲವೆಂದು ನನಗೆ ಗೊತ್ತು. ಆದರೂ ಕಾಲು ಮುಂದೆ ಬರಲಿಲ್ಲ. ಚಿಕ್ಕವ್ವ ತಾನೇ ನೀರು ಹಾಕಿದಳು. ಹಿಂದೆ ಯಾರೋ ಅಂದರು, "ಮಲೆನಾಡಾಂವ ಆಗ್ಯಾನ ಬಿಡು."

ಆಗಿದ್ದರೆ ಒಳ್ಳೆಯದಿತ್ತು. ಮೊನ್ನೆ ಹೊಸನಗರದ ದಾರಿಯಲ್ಲಿ ಪುಡಿ ಎರಚಿದ ಜಾಗದ ನಡುವೆ ಮತ್ತೊಂದು ಮಂಗ ಕಂಡಿತು. ಮೈಕು ಬಂದ್ ಮಾಡಿ, ಆಟೊದಲ್ಲೇ ಕೂತು ಕೈ ಮುಗಿದೆ. ಸುಮಿತ್ರಕ್ಕ ಹತ್ತಿರ ಬಂದರು.

"ಎಂತ ಆಯ್ತು, ಮೈಕ್ ಕೆಟ್ಟೋಯ್ತಾ?"

"ಇಲ್ಲಕ್ಕ" ಎಂದು ಮತ್ತೆ ಹಚ್ಚಿದೆ.

ಈ ಸಲ ಶುಂಠಿ ಗದ್ದೆಗಳ ಹತ್ತಿರ ಪೆನ್‌ಡ್ರೈವ್ ತೆಗೆದು ನಾನೇ ಮಾತಾಡುತ್ತಿದ್ದೇನೆ, ನಮ್ಮ ಮಾತಿನಲ್ಲಿ, ಹನಮಪ್ಪ ಎಂದೇ. ನಮ್ಮ ಕಡೆಯವರು ಆಟೊ ಸುತ್ತ ಸೇರುತ್ತಾರೆ, ಊರಿನ ಮಳೆ ಬೆಳೆ ಕೇಳುತ್ತಾರೆ, ರೊಟ್ಟಿ ಕೊಡುತ್ತಾರೆ. ಎಣ್ಣೆಯ ಬಾಟಲಿ ಕಂಬಕ್ಕೇ ತೂಗುತ್ತಿರುತ್ತದೆ.

ನಿನ್ನೆ ಸಂಜೆ ಇನ್ನೊಂದು ಲಾರಿ ಬಂದು ಕೋಣಂದೂರಿನ ಆಚೆ ನಿಂತಿತು. ಮೇಲಿನಿಂದ ಗಂಟು, ಬುಟ್ಟಿ, ರೊಟ್ಟಿಯ ಹಂಚು ಇಳಿದವು. ಒಬ್ಬ ಹೆಣ್ಣುಮಗಳು ನನ್ನ ಮಾತು ಕೇಳಿ ತಮ್ಮ ಕಡೆಯವನೆಂದು ಗುರುತು ಹಿಡಿದು ಹತ್ತಿರ ಬಂದಳು. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ ತಲೆಯಾಡಿಸಿದಳು.

"ಹೌದೇನ್ರೀ ಯಣ್ಣಾ. ಅಂದಂಗ, ಇಲ್ಲೆ ಕಟ್ಟಿಗಿ ಎಲ್ಲಿ ಸಿಗ್ತಾವ?"

ನಾನು ಕೈ ತೋರಿಸಲಿಲ್ಲ. ತೋರಿಸಬೇಕಾಗಿಯೂ ಇರಲಿಲ್ಲ. ರಸ್ತೆಯ ಎರಡೂ ಬದಿಗೆ ಕಾಡೇ ಇತ್ತು.