ಸೀಟು ಖಾಲಿಯಿದ್ದರೂ ನಿಂತವರು

ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ. ನಾನು ಮಾತ್ರ ಕಂಬಿ ಹಿಡಿದು ನಿಂತಿದ್ದೆ.

ಎಂಬತ್ತರ ದಶಕ. ನ್ಯಾಮತಿಯಲ್ಲಿ ಮನೆ, ಹೊನ್ನಾಳಿಯಲ್ಲಿ ಕಚೇರಿ. ಏಳುವುದು, ಮೀಯುವುದು, ಉಣ್ಣುವುದು, ಎಲ್ಲಕ್ಕೂ ನನ್ನದೊಂದು ಟೈಮ್ ಟೇಬಲ್. ದೇಹದ ಒಂದೇ ಒಂದು ಭಾಗ ಅದಕ್ಕೆ ಒಪ್ಪಿರಲಿಲ್ಲ. (ಯಾವುದೆಂದು ಬಿಡಿಸಿ ಹೇಳಬೇಕೆ?)

"ಸೀಟ್ ಖಾಲಿ ಐತಲ್ರೀ, ಕೂತ್ಕಳ್ರೀ!" ಕಂಡಕ್ಟರ್ ದಿನಾ ಕೂಗುತ್ತಿದ್ದ. "ಪರವಾಗಿಲ್ಲ" ಎಂದು ನಾನೂ ದಿನಾ ಹೇಳುತ್ತಿದ್ದೆ.

ಒಂದು ದಿನ ಇನ್ನೊಬ್ಬರು ಬಂದು ಪಕ್ಕದಲ್ಲೇ ನಿಂತರು. ಕಂಬಳಿ ವ್ಯಾಪಾರಿ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಕೇಳಿದರು: "ನಿಮ್ಮ ಮೂಲ ಯಾವ್ದು ಸ್ವಾಮಿ?"

ಇವರಿಗೆ ಹೇಗೆ ಗೊತ್ತಾಯಿತು? ಹೆಂಡತಿಗೂ ಹೇಳದ ಗುಟ್ಟು! ಆಚೀಚೆ ನೋಡಿ ಪಿಸುಗುಟ್ಟಿದೆ: "ರಕ್ತದ್ದು."

ಅವರು ಕಣ್ಣು ಪಿಳಿಪಿಳಿ ಬಿಟ್ಟರು. "ನಾ ಊರು ಕೇಳಿದ್ದು ಕಣ್ರೀ!" ಆಮೇಲೆ ಹತ್ತಿರ ಸರಿದರು. "ಇರ್ಲಿ ಬಿಡ್ರಿ. ನಂದು ಜಗಳೂರು. ಊರೂ ಒಣ, ನನ್ನ ಮೂಲವ್ಯಾಧಿನೂ ಒಣ. ಹೋದ ವರ್ಷ ಆಪರೇಷನ್ ಮಾಡಿಸ್ಬಿಟ್ಟೆ."

ಶಿವಮೊಗ್ಗದ ಡಾಕ್ಟರು ನನಗೂ ಆಪರೇಷನ್ನಿಗೆ ದಿನ ಕೊಟ್ಟಿದ್ದರು. ರಕ್ತ ಹೋಗಿ ಹೋಗಿ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಆದರೂ ತಪ್ಪಿಸಿಕೊಳ್ಳುವ ಯೋಚನೆಯಲ್ಲೇ ಇದ್ದೆ. "ಏನೂ ಆಗಲ್ಲ" ಎಂದಿದ್ದರು ಡಾಕ್ಟರು. ಅವರಿಗೇನು, ಕೊಯ್ಯುವುದು ಯಾರದ್ದನ್ನು?

"ನೋವಾಗುತ್ತಾ?" ಎಂದೆ.

"ಆಗ್ದೆ ಏನ್ರಿ! ಮೊದಲ್ನೇ ಸಲ ಕಕ್ಕಸಿಗೆ ಹೋದಾಗ ಸತ್ತೋದ ಅಜ್ಜನ್ನೂ ಕೂಗಿ ಕರೀತೀರಿ. ಆಮ್ಯಾಲೆ ಆರಾಮಾಗಿ ಮಂಡಕ್ಕಿ ತಿನ್ನಾಕೆ ಪೇಟೆಗೆ ಹೋಗ್ತೀರಿ. ಮಿರ್ಚಿ ಮಾತ್ರ ಮುಟ್ಟಬ್ಯಾಡ್ರಿ."

ಎಂಥ ಸಮಾಧಾನ! ನೋವಾಗುತ್ತದೆ ಎಂದು ಹೇಳಿದವರನ್ನೇ ನಾನು ನಂಬಿದ್ದು.

ಮೊನ್ನೆ ಸೊಸೆ ಕೇಳಿದಳು: "ಮೊಬೈಲಲ್ಲಿ ಜನ ಗುಂಪು ಕಟ್ಕೊಂಡು ಕಾಯಿಲೆ ಹೇಳ್ಕೋತಾರಲ್ಲ ಮಾವ, ಗುರುತಿಲ್ಲದೋರಿಗೆ ಯಾಕೆ ಹೇಳ್ಬೇಕು?" ಸರಿಯಮ್ಮಾ, ಗುರುತಿರುವವರಿಗೆ ಹೇಳಲಾಗುತ್ತದೆಯೇ?

ಅಂತೂ ಆಗ ನನ್ನ ಆಪರೇಷನ್ ಆಯಿತು. ಅಜ್ಜನನ್ನು ಕರೆದೆ. ವಾಸಿಯಾಗಿ ಮತ್ತೆ ಬಸ್ ಹತ್ತಿದವನು ಠೀವಿಯಿಂದ ಕೂತೆ. ಕಂಡಕ್ಟರ್ ಕೈ ಮುಗಿದ.

ಕಂಬಳಿ ವ್ಯಾಪಾರಿ ಮಾತ್ರ ಹಿಂದೆ ನಿಂತೇ ಇದ್ದರು. ಪಕ್ಕದಲ್ಲಿ ಯಾರೋ ಹೊಸಬರು, ಕಂಬಿ ಹಿಡಿದು, ಬೆವರುತ್ತಾ.

"ನಿಮಗೆ ವಾಸಿಯಾಗಿ ವರ್ಷವಾಯಿತಲ್ಲ, ಇನ್ನೂ ಯಾಕೆ ನಿಲ್ಲುತ್ತೀರಿ?" ಎಂದೆ.

ಅವರು ಹೊಸಬರ ಕಡೆ ಕಣ್ಣು ಹೊರಳಿಸಿದರು. "ಎಲ್ಲಾರೂ ಕುಂತ್ಬಿಟ್ರೆ, ಇವ್ರ ಮೂಲ ಯಾರು ಕೇಳ್ಬೇಕ್ರಿ?"