ಬಂಡೆಯ ಮೇಲಿನ ಸರಿ ಉತ್ತರ

ಪಾಠ ಮಾಡುವುದು ಸುಲಭ, ಪಾಠದ ಯೋಜನೆ ಬರೆಯುವುದು ಪ್ರಾಣ ಹಿಂಡುವ ಕೆಲಸ. ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ನಮ್ಮ ಕನ್ನಡ ಶಾಲೆಗೆ ಫೋನಿನಲ್ಲಿ ನೋಡುವ ಗಣಿತದ ಪಾಠಗಳನ್ನು ನಾನೇ ತಯಾರಿಸಬೇಕೆಂದಾಯಿತು. ಯೋಜನೆ ಬರೆಯುವ ನಮೂನೆ ಬಂದದ್ದು ತಮಿಳಿನಲ್ಲಿ. ಗುರಿ ಏನು, ಕಲಿಯುವವರು ಯಾರು, ಯಾವ ಹಂತಕ್ಕೆ ಯಾವ ಪ್ರಶ್ನೆ ಎಂದು ಕೇಳುವ ಉದ್ದನೆಯ ಹಾಳೆಗಳು. ದಿನವಿಡೀ ಗಂಟಲು ಹರಿದುಕೊಂಡು, ಸಂಜೆ ಬಸ್ಸಿನಲ್ಲಿ ಕುಳಿತು ಅವನ್ನು ತುಂಬುತ್ತಿದ್ದೆ. 'ಕಲಿಯುವವರು ಯಾರು' ಎಂಬಲ್ಲಿ 'ಹತ್ತನೇ ತರಗತಿ, ಮನೆಯಲ್ಲಿ ಫೋನ್ ಇದೆ' ಎಂದಷ್ಟೇ ಗೀಚಿ ಕೈತೊಳೆದುಕೊಂಡೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಜಂಬವಿತ್ತು. ಪ್ರತಿ ವೀಡಿಯೊ ಮುಗಿದ ಮೇಲೆ ಒಂದು ಪ್ರಶ್ನೆ. ಸರಿ ಉತ್ತರ ಒತ್ತಿದರೆ ಮಾತ್ರ ಮುಂದಿನದು ತೆರೆಯುತ್ತದೆ. ಯಾರು ಎಲ್ಲಿಗೆ ಬಂದರೆಂದು ನನ್ನ ಫೋನಿಗೇ ತಿಳಿಯುತ್ತಿತ್ತು.

ಜೀರಹಳ್ಳಿ ಕಡೆಯಿಂದ ಬರುವ ಒಬ್ಬ ಹುಡುಗಿ ಗಣಿತದಲ್ಲಿ ತೀರಾ ಹಿಂದೆ. ಹತ್ತನೇ ತರಗತಿ ಪಾಸಾಗದಿದ್ದರೆ ಓದು ಬಿಡಿಸುತ್ತೇವೆಂದು ಮನೆಯವರು ಹೇಳಿಬಿಟ್ಟಿದ್ದರು. ಅವಳೊಬ್ಬಳನ್ನು ಸಂಜೆ ಉಳಿಸಿಕೊಂಡು ಹೇಳಿಕೊಡುತ್ತಿದ್ದೆ. ಫೋನಿನ ಪಾಠ ಶುರುವಾದದ್ದೇ ತಡ, ಅವಳ ಹೆಸರಿನ ಮುಂದೆ ಎಲ್ಲವೂ ಸರಿ! ಅವಳ ಊರಿನ ಉಳಿದ ಮಕ್ಕಳು ಪಾಠ ತೆರೆದೇ ಇರಲಿಲ್ಲ. ಸೋಮಾರಿಗಳೆಂದು ಅವರನ್ನು ಬೈದೆ. ಇವಳ ವಿಷಯದಲ್ಲಿ ಹಾಲು ಕುಡಿದಷ್ಟು ಸಂತೋಷ. ನಿಜ ಹೇಳಬೇಕೆಂದರೆ, ಇನ್ನು ಬೇಗ ಮನೆ ಸೇರಬಹುದೆಂಬ ಆಸೆಯೂ ಇತ್ತು. ಅಷ್ಟು ದಣಿದಿದ್ದೆ. "ನಾಳೆಯಿಂದ ನೀನು ಉಳಿಯೋದು ಬೇಡಮ್ಮ" ಎಂದೆ. ಅವಳು ಏನೋ ಹೇಳಲು ಹತ್ತಿರ ಬಂದಳು. ನಾನು ಬಸ್ಸಿಗೆ ಓಡಿದೆ.

ಪರೀಕ್ಷೆಯಲ್ಲಿ ಅವಳು ಗಣಿತದಲ್ಲಿ ಫೇಲಾದಳು. ಅಷ್ಟೆಲ್ಲ ಸರಿ ಉತ್ತರ ಕೊಟ್ಟವಳಿಗೆ ಏನಾಯಿತೆಂದು ಸಿಟ್ಟಿನಿಂದ ಅವಳ ಊರಿಗೇ ಹೋದೆ. ಅವಳು ನೀರಿನ ಟ್ಯಾಂಕಿನ ಪಕ್ಕದ ಬಂಡೆಗೆ ಕರೆದುಕೊಂಡು ಹೋದಳು. ಊರಿನಲ್ಲಿ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಮಕ್ಕಳ ಕೈಗೆ ಸಿಗುವ ಫೋನು ಇವಳ ಮನೆಯದೊಂದೇ; ಉಳಿದವು ದುಡಿಯಲು ಹೋಗುವ ದೊಡ್ಡವರ ಜೊತೆ ಹೋಗುತ್ತಿದ್ದವು. ಐದಾರು ಮಕ್ಕಳೂ ಅದರ ಸುತ್ತ ಕೂರುತ್ತಿದ್ದರಂತೆ.

"ಪೋನು ನಮ್ದು ಟೀಚರ್, ಉತ್ರ ಎಲ್ರುದೂವೆ. ಗೊತ್ತಿರೋರು ಯೋಳೋರು, ನಾನು ಒತ್ತೋಳು."

"ಮೊದ್ಲೇ ಯಾಕಮ್ಮ ಹೇಳಲಿಲ್ಲ?"

"ಯೋಳಕ್ಕೇ ಬಂದಿದ್ದೆ ಟೀಚರ್. ನಿಮ್ ಬಸ್ಸು ಬಂದ್ಬುಡ್ತು."

ಮರುಪರೀಕ್ಷೆಗೆ ಇನ್ನೂ ಕೆಲವು ವಾರಗಳಿದ್ದವು. ಬಂಡೆಯ ಮೇಲೆ ಕುಳಿತು ಅವಳ ಪುಸ್ತಕ ತೆರೆಸಿದೆ. ಎರಡನೇ ಲೆಕ್ಕ ಮುಗಿಯುವಷ್ಟರಲ್ಲಿ ಕೆಳಗೆ ನನ್ನ ಬಸ್ಸು ಬಂತು, ಸ್ವಲ್ಪ ನಿಂತಿತು, ಹೋಯಿತು.